ಹೊಗೆಯಂತೆ ಹಬ್ಬುವ ನಾಳಗಳು: ದುಡಿಯುವ ವಯಸ್ಸಿನ ಪಾರ್ಶ್ವವಾಯು ಮತ್ತು ರಕ್ತ ನೀಡುವ ಸೂಚನೆ

ಉದ್ದಿಮೆಯ ಲೆಕ್ಕಪುಸ್ತಕದಲ್ಲಿ ಯಂತ್ರೋಪಕರಣಗಳ ಸವಕಳಿಗೆ ಪ್ರತ್ಯೇಕ ಕಲಮು ಇರುತ್ತದೆ. ಆದರೆ ಆ ಯಂತ್ರಗಳನ್ನು ನಡೆಸುವವರ ಆರೋಗ್ಯಕ್ಕೆ ಅಂತಹ ಕಲಮು ಸಾಮಾನ್ಯವಾಗಿ ಇರುವುದಿಲ್ಲ. ಮಂಡ್ಯದ ಬೆಲ್ಲದ ಮಂಡಿಯಾಗಲಿ, ಮದ್ದೂರಿನ ಎಳನೀರು ಮಾರುಕಟ್ಟೆಯಾಗಲಿ, ಗೆಜ್ಜಲಗೆರೆ ಹಾಗೂ ಸೋಮನಹಳ್ಳಿಯ ಕೈಗಾರಿಕಾ ಪ್ರದೇಶವಾಗಲಿ, ಮಳವಳ್ಳಿಯ ರೇಷ್ಮೆ ವಹಿವಾಟಾಗಲಿ, ಬಹುಪಾಲು ವ್ಯವಹಾರಗಳು ಒಬ್ಬಿಬ್ಬರ ದುಡಿಮೆಯ ಮೇಲೆ ನಿಂತಿವೆ. ಮಾಲೀಕನೇ ವ್ಯವಸ್ಥಾಪಕ, ಲೆಕ್ಕಿಗ ಮತ್ತು ವಸೂಲಿಗಾರ. ಅಂತಹ ಒಬ್ಬ ವ್ಯಕ್ತಿ ಮೂವತ್ತೈದು ಅಥವಾ ನಲವತ್ತರ ವಯಸ್ಸಿನಲ್ಲಿ ಪಾರ್ಶ್ವವಾಯುವಿಗೆ ತುತ್ತಾದರೆ ಒಂದು ಕುಟುಂಬದ ಜೊತೆಗೆ ಒಂದು ಉದ್ದಿಮೆಯೂ ಮಲಗುತ್ತದೆ.

ಪಾರ್ಶ್ವವಾಯು ಅಥವಾ ಆಡುಮಾತಿನ ಲಕ್ವ ವಯಸ್ಸಾದವರ ಕಾಯಿಲೆ, ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆ ಇರುವವರ ಕಾಯಿಲೆ ಎಂಬ ನಂಬಿಕೆ ಬಲವಾಗಿದೆ. ಬಹುಪಾಲು ಪ್ರಕರಣಗಳಲ್ಲಿ ಇದು ನಿಜವೂ ಹೌದು. ಆದರೆ ಮಕ್ಕಳನ್ನೂ ಮಧ್ಯವಯಸ್ಕರನ್ನೂ ಹುಡುಕಿಕೊಂಡು ಬರುವ ಅಪರೂಪದ ಕಾರಣವೊಂದಿದೆ. ಅದರ ಹೆಸರು ಮೋಯಾಮೋಯಾ. ಕಳೆದ ಮೂರು ದಶಕಗಳಿಂದ ಈ ರೋಗವನ್ನು ರಕ್ತದಲ್ಲಿನ ಸೂಚಕಗಳ ಮೂಲಕ ಅರಿಯುವ ಪ್ರಯತ್ನ ನಡೆದಿದೆ. ಈ ಪ್ರಯತ್ನ ಎಲ್ಲಿಗೆ ಬಂದಿದೆ, ಅದರಿಂದ ಸಾಮಾನ್ಯ ಉದ್ದಿಮೆದಾರರು ತಿಳಿಯಬೇಕಾದದ್ದೇನು ಎಂಬುದು ಇಲ್ಲಿನ ವಿಷಯ.

ಮುಖ್ಯ ನಾಲೆ ಕಿರಿದಾದಾಗ

ಕತ್ತಿನ ಇಕ್ಕೆಲಗಳಲ್ಲಿ ಮೇಲೇರುವ ಶೀರ್ಷಧಮನಿಗಳ ಒಳಕವಲು ತಲೆಬುರುಡೆಯನ್ನು ಪ್ರವೇಶಿಸಿ ಮಿದುಳಿನ ಮುಂಭಾಗಕ್ಕೂ ಮಧ್ಯಭಾಗಕ್ಕೂ ರಕ್ತ ಒದಗಿಸುತ್ತದೆ. ಮೋಯಾಮೋಯಾದಲ್ಲಿ ಈ ಧಮನಿಯ ತುದಿಭಾಗ, ಅಂದರೆ ಅದು ಕವಲೊಡೆಯುವ ಸ್ಥಳ, ವರ್ಷಗಳ ಅವಧಿಯಲ್ಲಿ ನಿಧಾನವಾಗಿ ಕಿರಿದಾಗುತ್ತದೆ. ಕೊಬ್ಬು ಶೇಖರವಾಗಿ ಉಂಟಾಗುವ ಸಾಮಾನ್ಯ ಅಡಚಣೆ ಇದಲ್ಲ. ನಾಳದ ಒಳಪದರವೇ ದಪ್ಪವಾಗಿ ಬೆಳೆದು ದಾರಿ ಮುಚ್ಚುತ್ತದೆ.

ವಿಶ್ವೇಶ್ವರಯ್ಯ ನಾಲೆಯ ನೀರನ್ನು ನಂಬಿದ ಜಿಲ್ಲೆಯ ಜನರಿಗೆ ಮುಂದಿನ ಸಂಗತಿ ಸುಲಭವಾಗಿ ಅರ್ಥವಾಗುತ್ತದೆ. ಮುಖ್ಯ ನಾಲೆಯಲ್ಲಿ ಹರಿವು ಕುಗ್ಗಿದರೆ ಮೊದಲು ಬವಣೆ ಪಡುವವರು ಮದ್ದೂರು, ಮಳವಳ್ಳಿ ಭಾಗದ ಕೊನೆಯ ರೈತರು. ಮಿದುಳಿನಲ್ಲಿಯೂ ಹಾಗೆಯೇ, ಎರಡು ಧಮನಿಗಳ ವ್ಯಾಪ್ತಿಯ ಅಂಚಿನಲ್ಲಿರುವ ಭಾಗಕ್ಕೆ ಮೊದಲು ಬರ ಬರುತ್ತದೆ. ಆಗ ದೇಹ ಸುಮ್ಮನಿರುವುದಿಲ್ಲ. ಕಿರಿದಾದ ಜಾಗದ ಸುತ್ತ, ಮಿದುಳಿನ ತಳದಲ್ಲಿ, ನೂಲಿನೆಳೆಯಂತಹ ಅಸಂಖ್ಯ ಸಣ್ಣ ನಾಳಗಳು ಹಿಗ್ಗುತ್ತವೆ, ಹೊಸದಾಗಿಯೂ ಹುಟ್ಟುತ್ತವೆ. ಅಡ್ಡದಾರಿಯಿಂದ ರಕ್ತ ತಲುಪಿಸುವುದು ಅವುಗಳ ಕೆಲಸ. ಆದರೆ ತರಾತುರಿಯಲ್ಲಿ ತೋಡಿದ ಕಾಲುವೆಯ ಏರಿಯಂತೆ ಇವುಗಳ ಗೋಡೆ ದುರ್ಬಲ. ಒತ್ತಡ ತಾಳಲಾರದೆ ಒಡೆದರೆ ಮಿದುಳಿನೊಳಗೆ ರಕ್ತಸ್ರಾವವಾಗುತ್ತದೆ.

ಈ ರೋಗವನ್ನು ಮೊದಲು ವರದಿ ಮಾಡಿದವರು ಜಪಾನಿನ ವೈದ್ಯರು, ಅದು 1957ರಲ್ಲಿ. 1969ರಲ್ಲಿ ಸುಝುಕಿ ಮತ್ತು ತಕಾಕು ಎಂಬ ತಜ್ಞರು ಇದಕ್ಕೆ ಮೋಯಾಮೋಯಾ ಎಂಬ ಹೆಸರನ್ನು ಪ್ರಚಾರಕ್ಕೆ ತಂದರು. ಜಪಾನಿ ಭಾಷೆಯಲ್ಲಿ ಅದಕ್ಕೆ ಗಾಳಿಯಲ್ಲಿ ತೇಲುವ ಮಸುಕು ಹೊಗೆ ಎಂಬ ಅರ್ಥವಿದೆ. ರಕ್ತನಾಳಗಳ ಎಕ್ಸ್-ರೇ ಚಿತ್ರದಲ್ಲಿ ಆ ಸಣ್ಣ ನಾಳಗಳ ಗೊಂಚಲು ಮುಂಜಾನೆ ಆಲೆಮನೆಯ ಮೇಲೆ ನಿಂತ ಹೊಗೆಯಂತೆಯೇ ಕಾಣುತ್ತದೆ. ರೋಗದ ಬೆಳವಣಿಗೆಯನ್ನು ಆರು ಹಂತಗಳಾಗಿ ಸುಝುಕಿಯವರು ವಿಂಗಡಿಸಿದ ಕ್ರಮ ಈಗಲೂ ಬಳಕೆಯಲ್ಲಿದೆ.

ರೋಗ ಅಪರೂಪವೆಂಬುದು ನಿಜ. ಜಪಾನಿನಲ್ಲಿ 2003ರ ಸಮೀಕ್ಷೆಯ ಪ್ರಕಾರ ಸುಮಾರು 7,700 ರೋಗಿಗಳಿದ್ದರು. ವರ್ಷಕ್ಕೆ ಲಕ್ಷ ಜನರಲ್ಲಿ 0.54ರಷ್ಟು ಹೊಸ ಪ್ರಕರಣಗಳು ಕಂಡುಬರುತ್ತಿದ್ದವು. ಅಮೆರಿಕದ ಎರಡು ರಾಜ್ಯಗಳ ಕುರಿತು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಪ್ರಮಾಣ ಲಕ್ಷಕ್ಕೆ 0.086 ಮಾತ್ರ. 2011ರ ಜನಗಣತಿಯಂತೆ ಮಂಡ್ಯ ಜಿಲ್ಲೆಯ ಜನಸಂಖ್ಯೆ 18 ಲಕ್ಷಕ್ಕೂ ಸ್ವಲ್ಪ ಹೆಚ್ಚು. ಇಷ್ಟು ಜನಸಂಖ್ಯೆಯಲ್ಲಿ ಜಪಾನಿನ ಪ್ರಮಾಣಕ್ಕೆ ವರ್ಷಕ್ಕೆ ಹತ್ತು ಮಂದಿ, ಅಮೆರಿಕದ ಪ್ರಮಾಣಕ್ಕೆ ಒಬ್ಬಿಬ್ಬರು ಎಂದಾಗುತ್ತದೆ. ಇದು ಕೇವಲ ಗಣಿತದ ಲೆಕ್ಕ. ಆದರೆ ಬೆಂಗಳೂರಿನ ನಿಮ್ಹಾನ್ಸ್, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ಮುಂತಾದೆಡೆಗಳಲ್ಲಿ ಈ ರೋಗಿಗಳಿಗೆ ಚಿಕಿತ್ಸೆ ನಡೆದಿದೆ. ಆದ್ದರಿಂದ ಇದು ಪರದೇಶದ ಕಾಯಿಲೆಯೆಂದು ಬದಿಗಿಡುವಂತಿಲ್ಲ.

ಬಂದು ಹೋಗುವ ಲಕ್ಷಣಗಳು

ಮೋಯಾಮೋಯಾ ಎರಡು ವಯೋಮಾನಗಳಲ್ಲಿ ಹೆಚ್ಚಾಗಿ ಪ್ರಕಟವಾಗುತ್ತದೆ: ಐದರಿಂದ ಹತ್ತು ವರ್ಷದ ಮಕ್ಕಳಲ್ಲಿ ಮತ್ತು ಮೂವತ್ತು-ನಲವತ್ತರ ಪ್ರಾಯದವರಲ್ಲಿ. ಪುರುಷರಿಗಿಂತ ಮಹಿಳೆಯರಲ್ಲಿ ಸುಮಾರು ಎರಡು ಪಟ್ಟು ಹೆಚ್ಚು. ಮಕ್ಕಳಲ್ಲಿ ರಕ್ತದ ಕೊರತೆಯ ಲಕ್ಷಣಗಳೇ ಪ್ರಧಾನ. ದೊಡ್ಡವರಲ್ಲಿ ರಕ್ತಸ್ರಾವದ ಸಂಭವ ಮಕ್ಕಳಿಗಿಂತ ಅಧಿಕ.

ಕೆಲವು ನಿಮಿಷಗಳ ಕಾಲ ಒಂದು ಕೈ ಅಥವಾ ಕಾಲು ಸೋಲುವುದು, ಬಾಯಿ ವಾರೆಯಾಗುವುದು, ಮಾತು ತೊದಲುವುದು, ಬಳಿಕ ಎಲ್ಲವೂ ಸರಿಹೋಗುವುದು ಇದರ ಮುಖ್ಯ ಲಕ್ಷಣ. ಮಕ್ಕಳಲ್ಲಿ ಇದು ಜೋರಾಗಿ ಅತ್ತಾಗ, ಓಡಿದಾಗ, ಬಿಸಿ ಆಹಾರವನ್ನು ಊದಿ ತಿನ್ನುವಾಗ ಕಾಣಿಸಿಕೊಳ್ಳುವುದುಂಟು. ಊದುಗೊಳವೆಯಿಂದ ಒಲೆ ಊದುವುದು, ಓಲಗ ನುಡಿಸುವುದು ಸಹ ಇದೇ ಬಗೆಯ ಶ್ರಮ. ಕಾರಣ ಸರಳವಾಗಿದೆ. ಮೇಲಿಂದ ಮೇಲೆ ಜೋರಾಗಿ ಉಸಿರು ಬಿಟ್ಟಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಆಗ ಮಿದುಳಿನ ನಾಳಗಳು ಸಂಕುಚಿತಗೊಳ್ಳುತ್ತವೆ. ಆರೋಗ್ಯವಂತರಿಗೆ ಇದರಿಂದ ತೊಂದರೆಯಿಲ್ಲ. ಮೊದಲೇ ಕೊರತೆಯಲ್ಲಿರುವ ಮಿದುಳಿಗೆ ಅಷ್ಟೇ ಸಾಕು.

ಲಕ್ಷಣ ತಾನಾಗಿಯೇ ಮಾಯವಾಗುವುದೇ ದೊಡ್ಡ ಅಪಾಯ. ಬಿಸಿಲಿನ ತಾಪ, ಸುಸ್ತು, ಮೂರ್ಛೆ, ಗಾಳಿ ಸೋಕು ಎಂದು ಹೇಳಿ ಮರುದಿನ ಕೆಲಸಕ್ಕೆ ಹೋಗುವವರು ಹಲವರು. ನೀರಿನಂಶ ಕಡಿಮೆಯಾಗುವುದು, ರಕ್ತದೊತ್ತಡ ಕುಸಿಯುವುದು ಇಂತಹ ರೋಗಿಗಳಿಗೆ ಹಾನಿಕರ. ಬಾಯ್ಲರ್ ಬಳಿ, ಆಲೆಮನೆಯ ಕೊಪ್ಪರಿಗೆಯ ಮುಂದೆ, ಅಕ್ಕಿ ಗಿರಣಿಯಲ್ಲಿ ಗಂಟೆಗಟ್ಟಲೆ ಬೆವರು ಸುರಿಸುವ ಕಾರ್ಮಿಕರಿಗೆ ಕುಡಿಯುವ ನೀರು ಮತ್ತು ವಿರಾಮ ಒದಗಿಸುವುದು ಸೌಜನ್ಯದ ವಿಷಯ ಮಾತ್ರವಲ್ಲ ಎಂಬುದನ್ನು ಮಾಲೀಕರು ಗಮನಿಸಬೇಕು.

ಹೊಸ ನಾಳ ಹುಟ್ಟುವ ಬಗೆ

ಆಮ್ಲಜನಕ ಕಡಿಮೆಯಾದುದನ್ನು ಜೀವಕೋಶ ಹೇಗೆ ಅರಿಯುತ್ತದೆ ಎಂಬುದನ್ನು ಕಂಡುಹಿಡಿದುದಕ್ಕಾಗಿ 2019ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ವಿಲಿಯಂ ಕೇಲಿನ್, ಪೀಟರ್ ರ‍್ಯಾಟ್‌ಕ್ಲಿಫ್ ಮತ್ತು ಗ್ರೆಗ್ ಸೆಮೆಂಜಾ ಅವರಿಗೆ ನೀಡಲಾಯಿತು. ಆಮ್ಲಜನಕ ಸಾಕಷ್ಟಿರುವಾಗ ಜೀವಕೋಶದಲ್ಲಿ ಹಿಫ್ ಎಂಬ ಪ್ರೋಟೀನು ಹುಟ್ಟಿದಂತೆಯೇ ನಾಶವಾಗುತ್ತಿರುತ್ತದೆ. ಆಮ್ಲಜನಕ ಕುಗ್ಗಿದಾಗ ಅದು ಉಳಿದುಕೊಂಡು ಹಲವು ವಂಶವಾಹಿಗಳಿಗೆ ಚಾಲನೆ ನೀಡುತ್ತದೆ. ಅವುಗಳಲ್ಲಿ ಒಂದು ವಿಇಜಿಎಫ್ ಎಂಬ ಬೆಳವಣಿಗೆಯ ಅಂಶವನ್ನು ತಯಾರಿಸುತ್ತದೆ. ಈ ವಿಇಜಿಎಫ್ ಹತ್ತಿರದ ನಾಳಗಳ ಒಳಪದರಕ್ಕೆ ಕವಲೊಡೆಯುವಂತೆ ಸೂಚನೆ ನೀಡುತ್ತದೆ. ಸುತ್ತಲಿನ ಗಟ್ಟಿ ಅಂಗಾಂಶವನ್ನು ಸಡಿಲಗೊಳಿಸಿ ಹೊಸ ಕವಲಿಗೆ ದಾರಿ ಬಿಡಿಸುವ ಕೆಲಸ ಎಂಎಂಪಿ ಎಂಬ ಕಿಣ್ವಗಳದ್ದು. ಅಸ್ಥಿಮಜ್ಜೆಯಿಂದ ಹೊರಬಂದು ರಕ್ತದಲ್ಲಿ ಸಂಚರಿಸುವ ಕೆಲವು ಮೂಲಕೋಶಗಳೂ ನಾಳನಿರ್ಮಾಣಕ್ಕೆ ನೆರವಾಗುತ್ತವೆ ಎಂದು 1997ರಲ್ಲಿ ಅಸಹಾರಾ ಮತ್ತು ಸಂಗಡಿಗರು ವರದಿ ಮಾಡಿದರು.

ಗಾಯ ಮಾಯುವಾಗ, ಗರ್ಭದಲ್ಲಿ ಶಿಶು ಬೆಳೆಯುವಾಗ ನಡೆಯುವ ಸಹಜ ಕ್ರಿಯೆಯಿದು. ಕ್ಯಾನ್ಸರ್ ಗಡ್ಡೆಗಳೂ ಇದೇ ಉಪಾಯದಿಂದ ರಕ್ತ ಪಡೆಯುತ್ತವೆ ಎಂದು 1971ರಲ್ಲಿಯೇ ಜೂಡಾ ಫೋಕ್‌ಮನ್ ಪ್ರತಿಪಾದಿಸಿದ್ದರು. ಮೋಯಾಮೋಯಾದಲ್ಲಿ ಇದೇ ಕ್ರಿಯೆ ಮಿತ್ರನೂ ಹೌದು, ಶತ್ರುವೂ ಹೌದು. ನಾಳಗಳು ಹುಟ್ಟದಿದ್ದರೆ ಮಿದುಳಿಗೆ ರಕ್ತವಿಲ್ಲ; ದುರ್ಬಲವಾಗಿ ಹುಟ್ಟಿದರೆ ರಕ್ತಸ್ರಾವ. ಹೀಗಾಗಿ ಹೊಸ ನಾಳಗಳ ಬೆಳವಣಿಗೆಯನ್ನು ಔಷಧದಿಂದ ಹೆಚ್ಚಿಸುವುದಾಗಲಿ ತಡೆಯುವುದಾಗಲಿ ಎರಡೂ ಸುಲಭದ ಮಾತಲ್ಲ.

ರಕ್ತದಲ್ಲಿ ದೊರೆತ ಸುಳಿವುಗಳು

ಇಷ್ಟೆಲ್ಲ ಚಟುವಟಿಕೆ ನಡೆಯುತ್ತಿರುವಾಗ ಅದರ ಗುರುತು ರಕ್ತದಲ್ಲಿಯೂ ಸಿಗಬೇಕಲ್ಲವೇ ಎಂಬ ಪ್ರಶ್ನೆಯಿಂದ ಸಂಶೋಧನೆ ಆರಂಭವಾಯಿತು. 1993ರಲ್ಲಿ ಜಪಾನಿನ ತಜ್ಞರು ರೋಗಿಗಳ ಮಿದುಳುಬಳ್ಳಿಯ ದ್ರವದಲ್ಲಿ ಬಿಎಫ್‌ಜಿಎಫ್ ಎಂಬ ಬೆಳವಣಿಗೆಯ ಅಂಶ ಹೆಚ್ಚಿರುವುದನ್ನು ಕಂಡರು. 2010ರಲ್ಲಿ ಕೊರಿಯಾದ ವೈದ್ಯರು ರಕ್ತದ್ರವವನ್ನೇ ಪರೀಕ್ಷಿಸಿ ಎಂಎಂಪಿ-9, ಎಂಸಿಪಿ-1, ವಿಇಜಿಎಫ್ ಮುಂತಾದವು ಆರೋಗ್ಯವಂತರಿಗಿಂತ ರೋಗಿಗಳಲ್ಲಿ ಅಧಿಕವಾಗಿಯೂ, ಎಂಎಂಪಿಯನ್ನು ಹತೋಟಿಯಲ್ಲಿಡುವ ಪ್ರೋಟೀನುಗಳು ಕಡಿಮೆಯಾಗಿಯೂ ಇರುವುದನ್ನು ವರದಿ ಮಾಡಿದರು. ಅಂದರೆ ಅಂಗಾಂಶವನ್ನು ಸಡಿಲಿಸುವ ಶಕ್ತಿ ಹೆಚ್ಚು, ಅದಕ್ಕೆ ಕಡಿವಾಣ ಕಡಿಮೆ. ನಾಳಗಳ ಗೋಡೆ ದುರ್ಬಲವಾಗುವುದಕ್ಕೆ ಇದು ಹೊಂದಿಕೆಯಾಗುವ ವಿವರಣೆ.

ವಂಶವಾಹಿಯ ಕಡೆಯಿಂದಲೂ ಮಹತ್ವದ ಸಂಗತಿ ಬೆಳಕಿಗೆ ಬಂದಿದೆ. 2011ರಲ್ಲಿ ಜಪಾನಿನ ಎರಡು ತಂಡಗಳು ಆರ್‌ಎನ್‌ಎಫ್213 ಎಂಬ ವಂಶವಾಹಿಯ ಒಂದು ಮಾರ್ಪಾಡು ಈ ರೋಗದೊಂದಿಗೆ ಬಲವಾದ ಸಂಬಂಧ ಹೊಂದಿದೆಯೆಂದು ತೋರಿಸಿದವು. ಜಪಾನಿನ ಬಹುಪಾಲು ರೋಗಿಗಳಲ್ಲಿ ಈ ಮಾರ್ಪಾಡು ಇದೆ. ಆದರೆ ಅಲ್ಲಿನ ಸಾಮಾನ್ಯ ಜನರಲ್ಲಿಯೂ ನೂರಕ್ಕೆ ಒಬ್ಬಿಬ್ಬರಲ್ಲಿ ಅದು ಕಂಡುಬರುತ್ತದೆ. ಅವರಲ್ಲಿ ಅಧಿಕಾಂಶ ಮಂದಿಗೆ ರೋಗ ಬರುವುದೇ ಇಲ್ಲ. ವಂಶವಾಹಿಯೊಂದೇ ಸಾಲದು, ಮತ್ತೇನೋ ಪ್ರಚೋದನೆ ಬೇಕು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಬ್ರಿಕ್ಸ್ ಮಾಪಕದ ಪಾಠ

ಕಬ್ಬು ಕಡಿಯುವ ಮುನ್ನ ರಸದ ಬ್ರಿಕ್ಸ್ ನೋಡುವ ಪದ್ಧತಿ ಸಕ್ಕರೆ ಕಾರ್ಖಾನೆಗಳಲ್ಲಿದೆ. ನಾಲ್ಕು ಹನಿ ರಸದಿಂದ ಇಡೀ ತಾಕಿನ ಮಾಗುವಿಕೆಯನ್ನು ಅಂದಾಜು ಮಾಡಬಹುದು. ರಕ್ತದ ಸೂಚಕವೂ ಇಂತಹುದೇ ಒಂದು ಸಾಧನ. ಆದರೆ ಬ್ರಿಕ್ಸ್ ಎಂಬುದು ರಸದಲ್ಲಿ ಕರಗಿರುವ ಎಲ್ಲ ಘನಪದಾರ್ಥದ ಅಳತೆ, ಸಕ್ಕರೆಯ ಅಳತೆಯಲ್ಲ. ಅದಕ್ಕಾಗಿಯೇ ಕಾರ್ಖಾನೆಯ ರಸಾಯನತಜ್ಞರು ಪೋಲ್ ಪರೀಕ್ಷೆಯನ್ನೂ ಮಾಡಿ, ಎರಡನ್ನೂ ತಾಳೆ ನೋಡಿದ ಮೇಲೆ ರಸದ ಶುದ್ಧತೆಯನ್ನು ನಿರ್ಧರಿಸುತ್ತಾರೆ.

ಮೋಯಾಮೋಯಾದ ಸೂಚಕಗಳ ಇತಿಮಿತಿಯೂ ಇದೇ ಬಗೆಯದು. ಎಂಎಂಪಿ-9 ಸೋಂಕು, ಉರಿಯೂತ ಮತ್ತು ಇತರ ಬಗೆಯ ಪಾರ್ಶ್ವವಾಯುವಿನಲ್ಲಿಯೂ ಏರುತ್ತದೆ. ವಿಇಜಿಎಫ್ ಕ್ಯಾನ್ಸರ್‌ನಲ್ಲಿಯೂ ಹೆಚ್ಚುತ್ತದೆ. ರಕ್ತದಲ್ಲಿ ಸಂಚರಿಸುವ ನಾಳಜನಕ ಮೂಲಕೋಶಗಳು ರೋಗಿಗಳಲ್ಲಿ ಹೆಚ್ಚೆಂದು ಕೆಲವು ಅಧ್ಯಯನಗಳೂ, ಕಡಿಮೆ ಅಥವಾ ನಿಶ್ಶಕ್ತವೆಂದು ಮತ್ತೆ ಕೆಲವೂ ಹೇಳುತ್ತವೆ. ರೋಗ ಅಪರೂಪವಾದುದರಿಂದ ಪ್ರತಿ ಅಧ್ಯಯನದಲ್ಲಿಯೂ ರೋಗಿಗಳ ಸಂಖ್ಯೆ ಚಿಕ್ಕದು. ಮಗುವಿನ ರಕ್ತವನ್ನು ವಯಸ್ಕರ ರಕ್ತದೊಂದಿಗೆ, ಆರಂಭದ ಹಂತದವರನ್ನು ಕೊನೆಯ ಹಂತದವರೊಂದಿಗೆ ಒಟ್ಟುಗೂಡಿಸಿದಾಗ ಫಲಿತಾಂಶ ಕಲಸಿಹೋಗುತ್ತದೆ.

ಆದ್ದರಿಂದ ಕೇವಲ ರಕ್ತ ಪರೀಕ್ಷೆಯಿಂದ ಮೋಯಾಮೋಯಾ ಇದೆ ಅಥವಾ ಇಲ್ಲ ಎಂದು ನಿರ್ಣಯಿಸುವ ವಿಧಾನ ಚಿಕಿತ್ಸಾಲಯದ ದೈನಂದಿನ ಬಳಕೆಗೆ ಬಂದಿಲ್ಲ. ಎಂಆರ್‌ಐ ಯಂತ್ರದಲ್ಲಿ ಮಿದುಳನ್ನೂ ಅದರ ನಾಳಗಳನ್ನೂ ನೋಡುವುದು, ಅಗತ್ಯವಿದ್ದರೆ ನಾಳದೊಳಗೆ ಬಣ್ಣದ ದ್ರವ ಹಾಯಿಸಿ ಚಿತ್ರ ತೆಗೆಯುವುದು, ಇವೇ ನಿರ್ಣಾಯಕ ಪರೀಕ್ಷೆಗಳು. ಆರೋಗ್ಯ ತಪಾಸಣೆಯ ಪ್ಯಾಕೇಜುಗಳಲ್ಲಿ ರಕ್ತದ ಒಂದು ಅಂಶ ಹೆಚ್ಚು ಕಂಡಿತೆಂದು ಗಾಬರಿಯಾಗುವುದಾಗಲಿ, ಎಲ್ಲ ಸರಿಯಿದೆಯೆಂಬ ವರದಿ ಹಿಡಿದು ಕೈ ಸೋತ ಪ್ರಸಂಗವನ್ನು ಕಡೆಗಣಿಸುವುದಾಗಲಿ ತರವಲ್ಲ.

ಹಾಗಾದರೆ ಸೂಚಕಗಳ ಪ್ರಯೋಜನವೇನು? ಯಾರ ರೋಗ ವೇಗವಾಗಿ ಮುಂದುವರಿಯುತ್ತದೆ, ಯಾರಿಗೆ ರಕ್ತಸ್ರಾವದ ಅಪಾಯವಿದೆ, ಶಸ್ತ್ರಚಿಕಿತ್ಸೆಯ ಬಳಿಕ ಯಾರಲ್ಲಿ ಹೊಸ ನಾಳಗಳು ಚೆನ್ನಾಗಿ ಬೆಳೆಯುತ್ತವೆ ಎಂಬುದನ್ನು ಮುಂಚಿತವಾಗಿ ತಿಳಿಯುವುದೇ ಸಂಶೋಧಕರ ಗುರಿ. ಈ ಕೊನೆಯ ಪ್ರಶ್ನೆಗೆ ಚಿಕಿತ್ಸೆಯೊಂದಿಗೆ ನೇರ ಸಂಬಂಧವಿದೆ.

ಶಸ್ತ್ರಚಿಕಿತ್ಸೆಯ ಎರಡು ಮಾರ್ಗಗಳು

ಕಿರಿದಾದ ಧಮನಿಯನ್ನು ಮತ್ತೆ ಅಗಲಗೊಳಿಸುವ ಔಷಧವಿಲ್ಲ. ರಕ್ತವನ್ನು ಬೇರೆ ದಾರಿಯಿಂದ ಒದಗಿಸುವುದೇ ಉಪಾಯ. ಕಿವಿಯ ಮುಂದೆ ಬೆರಳಿಟ್ಟರೆ ಮಿಡಿಯುವ ನಾಳವೊಂದಿದೆ. ಅದು ನೆತ್ತಿಯ ಚರ್ಮಕ್ಕೆ ರಕ್ತ ಒದಗಿಸುತ್ತದೆ. ಅದನ್ನು ತಲೆಬುರುಡೆಯೊಳಕ್ಕೆ ತಿರುಗಿಸಿ ಮಿದುಳಿನ ಮೇಲ್ಮೈಯ ನಾಳಕ್ಕೆ ಸೂಕ್ಷ್ಮದರ್ಶಕದ ನೆರವಿನಿಂದ ಹೊಲಿಯುವುದು ನೇರ ಮಾರ್ಗ. ಇದನ್ನು 1967ರಲ್ಲಿ ಜ್ಯೂರಿಕ್‌ನ ಯಾಸರ್‌ಗಿಲ್ ಮೊದಲು ಮಾಡಿದರು. ಜೋಡಣೆಯಾದ ಕೂಡಲೇ ರಕ್ತ ಹರಿಯುತ್ತದೆ.

ಮಕ್ಕಳ ನಾಳಗಳು ಅತಿ ಸಣ್ಣವಾದುದರಿಂದ ಅವರಲ್ಲಿ ಪರೋಕ್ಷ ಮಾರ್ಗ ಹೆಚ್ಚು ಬಳಕೆಯಲ್ಲಿದೆ. ಇಲ್ಲಿ ನಾಳವನ್ನು ಹೊಲಿದು ಜೋಡಿಸುವುದಿಲ್ಲ; ಮಿದುಳಿನ ಮೇಲ್ಮೈಗೆ ತಾಗುವಂತೆ ಇರಿಸಲಾಗುತ್ತದೆ. ರಕ್ತಕ್ಕಾಗಿ ಹಾತೊರೆಯುವ ಮಿದುಳು ವಿಇಜಿಎಫ್ ಮುಂತಾದವುಗಳ ಮೂಲಕ ನಾಳಗಳನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ಕೆಲವು ತಿಂಗಳುಗಳಲ್ಲಿ ಹೊಸ ಜಾಲ ಬೆಳೆಯುತ್ತದೆ. ರೋಗದಲ್ಲಿ ತೊಂದರೆ ತಂದ ಶಕ್ತಿಯನ್ನೇ ಚಿಕಿತ್ಸೆಯಲ್ಲಿ ಉಪಯೋಗಿಸಿಕೊಳ್ಳುವ ಜಾಣ್ಮೆಯಿದು. ಮಕ್ಕಳಲ್ಲಿ ಇದು ಸಾಮಾನ್ಯವಾಗಿ ಫಲಕಾರಿ. ವಯಸ್ಕರಲ್ಲಿ ಬೆಳವಣಿಗೆ ಒಂದೇ ತೆರನಾಗಿರುವುದಿಲ್ಲ. ಯಾರಿಗೆ ಯಾವ ಮಾರ್ಗ ಎಂದು ಮುಂಚಿತವಾಗಿ ಹೇಳಬಲ್ಲ ರಕ್ತಸೂಚಕ ದೊರೆತರೆ ಎಷ್ಟು ಉಪಯುಕ್ತ ಎಂಬುದನ್ನು ಊಹಿಸಬಹುದು.

ರಕ್ತಸ್ರಾವವಾದ ವಯಸ್ಕರಲ್ಲಿ ನೇರ ಜೋಡಣೆಯ ಪ್ರಯೋಜನವನ್ನು ಜಪಾನಿನಲ್ಲಿ 80 ರೋಗಿಗಳ ಮೇಲೆ ಪರೀಕ್ಷಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು. ಮತ್ತೆ ರಕ್ತಸ್ರಾವವಾಗುವ ಪ್ರಮಾಣ ಶಸ್ತ್ರಚಿಕಿತ್ಸೆ ಪಡೆದವರಲ್ಲಿ ವರ್ಷಕ್ಕೆ ಶೇ. 2.7, ಪಡೆಯದವರಲ್ಲಿ ಶೇ. 7.6 ಇತ್ತು. ಮೊದಲ ಎಚ್ಚರಿಕೆಯ ನಂತರ ಸುಮ್ಮನೆ ಕುಳಿತುಕೊಳ್ಳುವುದರ ಬೆಲೆ ಎಷ್ಟೆಂಬುದನ್ನು ಈ ಅಂಕಿಗಳು ಸೂಚಿಸುತ್ತವೆ.

ಜಿಲ್ಲೆಯಿಂದ ಆಸ್ಪತ್ರೆಯವರೆಗೆ

ಪಾರ್ಶ್ವವಾಯುವಿನ ಲಕ್ಷಣ ಕಂಡಾಗ ಕಾರಣ ಯಾವುದೆಂದು ಮನೆಯಲ್ಲಿ ತೀರ್ಮಾನಿಸಲಾಗದು. ಬಾಯಿ ವಾರೆ, ಕೈ ನಿಶ್ಶಕ್ತಿ, ಮಾತು ತೊದಲು, ಈ ಮೂರರಲ್ಲಿ ಒಂದು ಕಂಡರೂ ಗಡಿಯಾರ ನೋಡಿಕೊಂಡು ಹೊರಡಬೇಕು. ಸಾಮಾನ್ಯ ಪಾರ್ಶ್ವವಾಯುವಿನಲ್ಲಿ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ನಾಲ್ಕೂವರೆ ಗಂಟೆಯ ಗಡುವಿದೆ. ಅದಕ್ಕೆ ಮೊದಲು ಸಿ.ಟಿ. ಸ್ಕ್ಯಾನ್ ಆಗಬೇಕು, ಏಕೆಂದರೆ ರಕ್ತಸ್ರಾವವಾಗಿದ್ದರೆ ಆ ಮದ್ದು ಅಪಾಯಕಾರಿ. ಇದೇ ಕಾರಣದಿಂದ ವೈದ್ಯರನ್ನು ಕೇಳದೆ ಆಸ್ಪಿರಿನ್ ನುಂಗಿಸುವುದೂ ಸಲ್ಲದು.

ಮಂಡ್ಯದಲ್ಲಿ 2006ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿದೆ. ಉನ್ನತ ಚಿಕಿತ್ಸೆಗೆ ಸುಮಾರು ನೂರು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಇದೆ. 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡ ಬೆಂಗಳೂರು-ಮೈಸೂರು ಹೆದ್ದಾರಿ ಮಂಡ್ಯ ಮತ್ತು ಮದ್ದೂರಿನವರಿಗೆ ಈ ದೂರವನ್ನು ಹತ್ತಿರವಾಗಿಸಿದೆ. ಮಳವಳ್ಳಿಯವರಿಗೆ ಕನಕಪುರದ ಮೂಲಕ ಬೆಂಗಳೂರು, ಬನ್ನೂರಿನ ಮೂಲಕ ಮೈಸೂರು ಎಂಬ ಎರಡು ದಾರಿಗಳಿವೆ. 2008ರ ನವೆಂಬರಿನಲ್ಲಿ ಆರಂಭವಾದ 108 ಆಂಬ್ಯುಲೆನ್ಸ್ ಸೇವೆಯ ಸಂಖ್ಯೆ ಪ್ರತಿ ಅಂಗಡಿ, ಪ್ರತಿ ಕಾರ್ಖಾನೆಯ ಗೋಡೆಯ ಮೇಲಿರಬೇಕು.

ಇನ್ನು ವೆಚ್ಚದ ವಿಚಾರ. ಹತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಕಾರ್ಮಿಕ ರಾಜ್ಯ ವಿಮಾ ಯೋಜನೆ, ಅಂದರೆ ಇಎಸ್‌ಐ, ಅನ್ವಯಿಸುತ್ತದೆ. 2017ರ ಜನವರಿಯಲ್ಲಿ ಮಾಸಿಕ ವೇತನದ ಮಿತಿಯನ್ನು 21,000 ರೂಪಾಯಿಗೆ ಏರಿಸಲಾಯಿತು. 2019ರ ಜುಲೈನಲ್ಲಿ ಒಟ್ಟು ವಂತಿಗೆಯನ್ನು ಶೇ. 6.5ರಿಂದ ಶೇ. 4ಕ್ಕೆ ಇಳಿಸಿ ಮಾಲೀಕರ ಪಾಲು ಶೇ. 3.25, ನೌಕರರ ಪಾಲು ಶೇ. 0.75 ಎಂದು ನಿಗದಿಪಡಿಸಲಾಯಿತು. ಅರ್ಹ ನೌಕರನಿಗೆ ಅನಾರೋಗ್ಯದ ಅವಧಿಯಲ್ಲಿ 91 ದಿನಗಳವರೆಗೆ ವೇತನದ ಶೇ. 70ರಷ್ಟು ದೊರೆಯುತ್ತದೆ. ಅರ್ಧಾಂಗ ವಾಯುವಿನಂತಹ ದೀರ್ಘಕಾಲದ ರೋಗಗಳ ಪಟ್ಟಿಗೆ ಸೇರಿದ ಪ್ರಕರಣಗಳಲ್ಲಿ, ಎರಡು ವರ್ಷದ ಸೇವೆ ಹಾಗೂ ವಂತಿಗೆಯ ನಿಬಂಧನೆ ಪೂರೈಸಿದವರಿಗೆ, ಶೇ. 80ರ ದರದಲ್ಲಿ ಗರಿಷ್ಠ ಎರಡು ವರ್ಷದವರೆಗೆ ಸೌಲಭ್ಯವಿದೆ. ನೌಕರರ ಹೆಸರನ್ನು ನೋಂದಾಯಿಸದೆ ಅಥವಾ ವಂತಿಗೆಯನ್ನು ತಡಮಾಡಿ ಉಳಿಸುವ ಅಲ್ಪ ಹಣ ಇಂತಹ ಸಂದರ್ಭದಲ್ಲಿ ಒಂದು ಮನೆಯ ಆಧಾರವನ್ನೇ ಕಸಿಯುತ್ತದೆ.

ಹತ್ತಕ್ಕಿಂತ ಕಡಿಮೆ ಕೈಗಳಿರುವ ಸಣ್ಣ ಉದ್ದಿಮೆಗಳಿಗೆ 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯ ಚೀಟಿಯೂ, ಸಹಕಾರ ಸಂಘಗಳ ಸದಸ್ಯರಿಗೆ ಯಶಸ್ವಿನಿಯೂ ಇವೆ. ಕಾಯಿಲೆ ಬಂದ ಮೇಲೆ ಕಾಗದಪತ್ರ ಹುಡುಕುವುದಕ್ಕಿಂತ ಮುಂಚಿತವಾಗಿ ಮಾಲೀಕ ಮತ್ತು ನೌಕರರಿಬ್ಬರೂ ತಮ್ಮ ಅರ್ಹತೆ ಖಚಿತಪಡಿಸಿಕೊಂಡು ಚೀಟಿ ಪಡೆದಿರುವುದು ವ್ಯವಹಾರಜ್ಞಾನದ ಮಾತು.

ರಕ್ತದ ಒಂದು ಹನಿಯಿಂದ ಮೋಯಾಮೋಯಾದ ಗತಿಯನ್ನು ಹೇಳಬಲ್ಲ ಪರೀಕ್ಷೆ ಪ್ರಯೋಗಶಾಲೆಯಿಂದ ಹೊರಬರಲು ದೊಡ್ಡ ಅಧ್ಯಯನಗಳು ಬೇಕು. ಅಲ್ಲಿಯವರೆಗೆ ರೋಗವನ್ನು ಮೊದಲು ಗುರುತಿಸಬಲ್ಲವರು ರೋಗಿಯ ಪಕ್ಕದಲ್ಲಿರುವವರೇ. ತೂಕ ಮಾಡುವಾಗ ಕೈಯಿಂದ ಬಟ್ಟು ಜಾರಿದ ಹಮಾಲಿ, ರಸೀದಿ ಬರೆಯುವಾಗ ಅಕ್ಷರ ತಪ್ಪಿದ ಗುಮಾಸ್ತೆ, ಐದು ನಿಮಿಷ ಮಾತು ತೊದಲಿ ಮತ್ತೆ ಸರಿಯಾದ ಪಾಲುದಾರ, ಇವರಲ್ಲಿ ಯಾರನ್ನೂ ಸ್ವಲ್ಪ ಹೊತ್ತು ಮಲಗಿ ಎಂದಷ್ಟೇ ಹೇಳಿ ಬಿಡಬಾರದು. ಅಂದೇ ವೈದ್ಯರಲ್ಲಿಗೆ ಕಳುಹಿಸಿ, ನಡೆದುದನ್ನು ಗಂಟೆ ನಿಮಿಷ ಸಹಿತ ಬರೆದುಕೊಟ್ಟರೆ ವೈದ್ಯರಿಗೆ ಅದಕ್ಕಿಂತ ಉಪಯುಕ್ತವಾದ ದಾಖಲೆ ಬೇರೊಂದಿಲ್ಲ.